ಹುಕ್ಕೇರಿಗೆ ಒಯ್ದ ಡೆತ್ ಮೆಟಲ್

ಡೆತ್ ಮೆಟಲ್ ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಸಟಕ್ಕನೆ ಒಂದು ಆಲ್ಬಮ್ಮಿನ ಹೆಸರು ಹೇಳುವವನಲ್ಲ. ದಿನವಿಡೀ ನಿಮ್ಮ ಕಿವಿಗೆ ಏನು ಬೀಳುತ್ತದೆ ಎಂದು ಮೊದಲು ವಿಚಾರಿಸುತ್ತೇನೆ. ಹಿಟ್ಟಿನ ಗಿರಣಿಗೆ ಗೋಡೆ ಹಚ್ಚಿ ಮನೆ ಕಟ್ಟಿಕೊಂಡವನಿಗೂ ಹೊಲದ ನಡುವೆ ಒಂಟಿ ಮನೆಯಲ್ಲಿ ಇರುವವನಿಗೂ ಒಂದೇ ಕ್ಯಾಸೆಟ್ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈಗ ಇಂಟರ್ನೆಟ್ಟಿನಲ್ಲಿ ಅಂಥ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಕೇಳುವವನ ಮುಖ ನೋಡದೆ ಬರೆದ ಪಟ್ಟಿಗಳು ಅವು. ನಾನು ಮುಖ ನೋಡಿ ಕೊಡುತ್ತಿದ್ದೆ, ಮತ್ತು ನನ್ನ ಆಯ್ಕೆ ತಪ್ಪಿದ್ದು ಬಹಳ ಕಡಿಮೆ.

ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ರೆಕಾರ್ಡಿಂಗ್ ಅಂಗಡಿ ಇತ್ತು. ತೊಂಬತ್ತರ ದಶಕದ ನಡುವಿನ ಮಾತು. ಜನ ಖಾಲಿ ಕ್ಯಾಸೆಟ್ ತಂದು, ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಕೊಟ್ಟು ಹೋಗುತ್ತಿದ್ದರು. ನಾನು ತುಂಬಿಸಿ ಇಡುತ್ತಿದ್ದೆ. ಸಿನಿಮಾ ಹಾಡು, ಭಜನೆ, ಬಯಲಾಟದ ಪದ, ಮರಾಠಿ ಲಾವಣಿ, ಕವ್ವಾಲಿ. ಇವೆಲ್ಲ ಹೊಟ್ಟೆಪಾಡು. ಟೇಪ್ ಡೆಕ್ಕಿನ ಮೇಲಿನ ಹಲಗೆಯಲ್ಲಿ ಮಾತ್ರ ಹೊಟ್ಟೆಪಾಡಿಗೆ ಸಂಬಂಧವಿಲ್ಲದ ಕ್ಯಾಸೆಟ್ಟುಗಳಿದ್ದವು. ಗಿಟಾರಿನ ತಂತಿ ಸಡಿಲಿಸಿ ಸ್ವರವನ್ನು ಪಾತಾಳಕ್ಕೆ ಇಳಿಸಿ, ದೊಡ್ಡ ಡ್ರಮ್ಮನ್ನು ಎರಡೂ ಕಾಲಿನಿಂದ ಒದೆಯುತ್ತ, ಗಂಟಲಿನ ಬುಡದಿಂದ ಗುರುಗುಟ್ಟಿ ಹಾಡುವ ಸಂಗೀತ ಅದು. ಅಂಗಡಿಯಲ್ಲಿ ಅದನ್ನು ಹಚ್ಚಿದಾಗ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಟೇಪು ಕೆಟ್ಟಿದೆ ಎಂದು ನನ್ನ ಮೇಲೆ ಕನಿಕರ ಪಡುತ್ತಿದ್ದರು.

ನನಗೆ ಆ ಹುಚ್ಚು ಹತ್ತಿದ್ದು ಬೆಳಗಾವಿಯಲ್ಲಿ ಡಿಪ್ಲೊಮಾ ಓದುವಾಗ. ಹಾಸ್ಟೆಲ್ಲಿನಲ್ಲಿ ಗೋವಾದ ಹುಡುಗನೊಬ್ಬನಿದ್ದ. ಅವನ ಅಣ್ಣ ಹಡಗಿನ ಕೆಲಸದಲ್ಲಿದ್ದು, ಬಂದರಿನಿಂದ ಬಂದರಿಗೆ ಕ್ಯಾಸೆಟ್ ತರುತ್ತಿದ್ದ. ಅವನು ಮೊದಲ ಸಲ ಅದನ್ನು ಹಚ್ಚಿದ ದಿನ ಕೋಣೆಯಲ್ಲಿದ್ದವರೆಲ್ಲ ಬೈದು ಎದ್ದುಹೋದರು. ಉಳಿದವರು ಇಬ್ಬರು: ನಾನು ಮತ್ತು ನನ್ನ ಪಕ್ಕದ ಮಂಚದ ಹುಕ್ಕೇರಿಯ ಹುಡುಗ. ಅವನು ಜೈನರ ಮನೆಯವನು, ಹುಕ್ಕೇರಿಯಲ್ಲಿ ಅವರದು ಹಳೆಯ ಅರಿವೆ ಅಂಗಡಿ. ಉಳ್ಳಾಗಡ್ಡಿ ತಿನ್ನದ, ಸೂರ್ಯ ಮುಳುಗಿದ ಮೇಲೆ ಊಟ ಮಾಡದ, ಇರುವೆಯನ್ನು ದಾಟಿ ಕಾಲಿಡುವ ಹುಡುಗ. ಒಂದು ಬದಿ ಮುಗಿದಾಗ ಅವನು ಎದ್ದು ಕ್ಯಾಸೆಟ್ ತಿರುವಿ ಹಾಕಿದ. ನಮ್ಮ ದೋಸ್ತಿ ಅಲ್ಲಿಂದ ಶುರುವಾಯಿತು. ಡಿಪ್ಲೊಮಾ ಮುಗಿಸಿ ಅವನು ಅರಿವೆ ಅಂಗಡಿಯ ಗಾದಿಗೆ ಹೋದ, ನಾನು ರೆಕಾರ್ಡಿಂಗ್ ಅಂಗಡಿ ಹಾಕಿದೆ. ಕಲಿತ ವಿದ್ಯೆ ಇಬ್ಬರಿಗೂ ಉಪಯೋಗಕ್ಕೆ ಬರಲಿಲ್ಲ.

ಈ ಬ್ಯಾಂಡುಗಳ ಹೆಸರು ಓದುವುದೇ ಒಂದು ಪೀಡೆ. ಆಲದ ಬೇರು ಹೆಣೆದುಕೊಂಡ ಹಾಗೆ ಬರೆದಿರುತ್ತಾರೆ, ಎಲ್ಲಿ ಅಕ್ಷರ ಶುರು, ಎಲ್ಲಿ ಮುಗಿಯಿತು ದೇವರಿಗೇ ಗೊತ್ತು. ಹಾಗಾಗಿ ನಾವಿಬ್ಬರೂ ನಮ್ಮದೇ ಹೆಸರಿಟ್ಟೆವು. ಸ್ವೀಡನ್ನಿನ ಹಳೆಯ ಹುಡುಗರದು ಗರಗಸ: ಗಿಟಾರು ಹಚ್ಚಿದ ಕೂಡಲೇ ಕಟ್ಟಿಗೆ ಅಡ್ಡೆಯಲ್ಲಿ ಬೇವಿನ ದಿಮ್ಮಿ ಕೊಯ್ದ ಸದ್ದು. ಅಮೆರಿಕದ ಫ್ಲೋರಿಡಾದವರದು ಗಾಣ: ಭಾರ, ಆದರೆ ಅಳತೆಯ ಭಾರ, ಒಂದೊಂದು ಸ್ವರವನ್ನೂ ಹಿಂಡಿ ರಸ ತೆಗೆದು ಸಿಪ್ಪೆಯನ್ನು ಆಚೆ ಬಿಸಾಡುತ್ತಾರೆ. ಫಿನ್ಲೆಂಡಿನವರದು ಕೆಸರು, ಅಲ್ಲಿ ಎಲ್ಲ ವಾದ್ಯಗಳೂ ಅರ್ಧ ಮುಳುಗಿಯೇ ಕೇಳುತ್ತವೆ. ಉತ್ತರ ಇಂಗ್ಲೆಂಡಿನಲ್ಲಿ ಕೆಲವರು ಇದೇ ಸಂಗೀತವನ್ನು ಹೆಣ ಹೊತ್ತವರ ನಡಿಗೆಗೆ ಇಳಿಸಿ, ನಡುನಡುವೆ ಪಿಟೀಲು ಸೇರಿಸಿದರು; ಅದಕ್ಕೆ ಬಂಡಿ ಎಂದೆವು. ತಾಳವನ್ನು ಕ್ಷಣಕ್ಕೊಮ್ಮೆ ಮುರಿದು ಕಟ್ಟುವ ಜಾಣರದು ಲೆಕ್ಕ. ಗಂಟಲೊಳಗೆ ನೀರು ಇಳಿದುಹೋದಂತೆ ಗುಳುಗುಳು ಎನ್ನುವ ನ್ಯೂಯಾರ್ಕಿನವರದು ಮೋರಿ. ಗುನುಗಬಹುದಾದ ಧಾಟಿ ಇರುವುದನ್ನು ರಾಗ ಎಂದೆವು, ಮತ್ತು ಅದನ್ನು ಸ್ವಲ್ಪ ಕೀಳಾಗಿಯೇ ನೋಡಿದೆವು. ಈಗ ಪೇಟೆಯಲ್ಲಿ ಪಂಡಿತರು ಇದಕ್ಕೆಲ್ಲ ಬೇರೆ ಹೆಸರು ಹೇಳುತ್ತಾರೆ. ಹೇಳಲಿ. ನಮ್ಮ ಹೆಸರು ಕೇಳಿದರೆ ಸಾಮಾನು ಎಂಥದ್ದೆಂದು ಗೊತ್ತಾಗುತ್ತಿತ್ತು.

ನನ್ನ ಆಯ್ಕೆ ಹೇಗೆ ಕೂಡುತ್ತಿತ್ತು ಎಂಬುದಕ್ಕೆ ಮೂಡಲಗಿಯ ಗಿರಾಕಿಯೇ ಸಾಕ್ಷಿ. ಅವನು ಪಂಪ್‌ಸೆಟ್ಟಿನ ಮೋಟಾರ್ ರಿವೈಂಡಿಂಗ್ ಮಾಡುವವನು, ತಾಮ್ರದ ತಂತಿ ಒಯ್ಯಲು ಗೋಕಾಕಕ್ಕೆ ಬಂದಾಗ ಹಿಂದಿ ಹಾಡು ತುಂಬಿಸಲು ಬಂದಿದ್ದ. ಡೆಕ್ಕಿನಲ್ಲಿ ನನ್ನದು ಓಡುತ್ತಿತ್ತು. ಅವನು ಒಂದು ಕಿವಿಯನ್ನು ಅದರ ಕಡೆ ವಾಲಿಸಿ ನಿಂತ.

"ಬೇರಿಂಗ್ ಹೋಗೇತೇನ್ರಿ ನಿಮ್ಮ ಮಷಿನ್ನಿಂದು?"

"ಹೋಗಿಲ್ಲ, ಹಾಡ ಹಂಗ ಐತಿ."

"ಹಂಗಾರ ಬೇಕಂತ ಮಾಡ್ಯಾರ?"

ಆ ಪ್ರಶ್ನೆಯಲ್ಲಿ ಬೈಗುಳ ಇರಲಿಲ್ಲ, ಮೆಚ್ಚುಗೆ ಇತ್ತು. ನಾನು ಎರಡನೇ ಮಾತಿಲ್ಲದೆ ಗರಗಸವನ್ನು ತುಂಬಿಸಿ ಕೊಟ್ಟೆ. ಮುಂದೆ ತಂತಿಗೆ ಬಂದಾಗಲೆಲ್ಲ ಇನ್ನೊಂದು ಒಯ್ದ. ಆದರೆ ಗರಗಸ ಬಿಟ್ಟು ಬೇರೆ ಏನನ್ನೂ ಮುಟ್ಟಲಿಲ್ಲ. ಗಾಣ ಕೊಟ್ಟರೆ ವಾಪಸ್ಸು, ಕೆಸರು ಕೊಟ್ಟರೆ ವಾಪಸ್ಸು. ಒಂದೇ ರುಚಿಯ ಮನುಷ್ಯ. ಅಂಥವರೂ ಬೇಕು, ಬೈಯಲಾರೆ, ಆದರೆ ಅವರ ಜೊತೆ ಕೂತು ಮಾತಾಡಲು ಆಗುವುದಿಲ್ಲ.

ಮಾತಾಡಲು ನನಗಿದ್ದವನು ಹುಕ್ಕೇರಿಯ ದೋಸ್ತ ಒಬ್ಬನೇ. ಅವನಿಗೆ ಏನು ಕೊಟ್ಟರೂ ನಡೆಯುತ್ತಿತ್ತು; ಕೇಳಿ, ಅರಗಿಸಿಕೊಂಡು, ಒಂದೇ ಮಾತು ಹೇಳುತ್ತಿದ್ದ, ಆ ಮಾತು ಸರಿಯಾದ ಜಾಗಕ್ಕೆ ಬೀಳುತ್ತಿತ್ತು. "ಮೂರನೇ ಹಾಡಿನ್ಯಾಗ ಡ್ರಮ್ಮಿನಾಂವ ಗಿಟಾರದಾಂವನ ಮ್ಯಾಲ ಸಿಟ್ಟಾಗ್ಯಾನ ನೋಡು." ನಾನು ಮತ್ತೆ ಕೇಳಿದರೆ ಹೌದು, ಸಿಟ್ಟಾಗಿದ್ದಾನೆ! ಅವನು ಅಂಗಡಿಯ ಕೆಲಸಕ್ಕೆಂದು ಗೋಕಾಕಕ್ಕೆ ಬಂದರೆ ಕೆಲಸ ಮುಗಿಸಿ ನನ್ನ ಸ್ಟೂಲಿನ ಮೇಲೆ ಕೂರುತ್ತಿದ್ದ, ನಾನು ಹೊಸದಾಗಿ ಬಂದದ್ದನ್ನು ಹಚ್ಚುತ್ತಿದ್ದೆ. ಇದು ಯಾಕೆ ಒಳ್ಳೆಯದು, ಇದರ ತಾಯಿ ಯಾವುದು, ಇದನ್ನು ಕೇಳಿದ ಮೇಲೆ ಯಾವುದನ್ನು ಕೇಳಬೇಕು ಎಂದು ಬಾಯಿ ನೋಯುವವರೆಗೆ ಹೇಳುತ್ತಿದ್ದೆ. ಒಂದು ವಿಷಯ ಖರೆ: ಆರಿಸಿ ಕೊಡುವವನಿಗೆ ಕೇಳುವವನೊಬ್ಬ ಇರಲೇಬೇಕು. ಇಲ್ಲದಿದ್ದರೆ ಅವನು ತನ್ನಷ್ಟಕ್ಕೆ ತಾನೇ ಬಡಬಡಿಸುವ ಮನುಷ್ಯ. ನನಗೆ ಮದುವೆಯಾಗಿತ್ತು, ಅಂಗಡಿ ನಡೆಯುತ್ತಿತ್ತು, ಊರಲ್ಲಿ ಪರಿಚಯದವರಿಗೆ ಬರವಿರಲಿಲ್ಲ. ಆದರೆ ಅವನು ಬರುವ ದಿನ ನಾನು ಬೆಳಿಗ್ಗೆಯೇ ಡೆಕ್ಕಿನ ಹೆಡ್ಡು ಒರೆಸಿ ಇಡುತ್ತಿದ್ದೆ.

ನಮ್ಮಿಬ್ಬರಿಗೂ ಹಾಡಿನ ಮಾತು ಮಾತ್ರ ಬೇಕಾಗಿರಲಿಲ್ಲ. ಆ ಗಂಟಲಿನಿಂದ ಬರುವುದು ಇಂಗ್ಲಿಷ್ ಎಂದು ತಿಳಿಯುವುದೇ ಕಷ್ಟ. ಕ್ಯಾಸೆಟ್ಟಿನ ಕಾಗದದಲ್ಲಿ ಮಾತು ಅಚ್ಚಾಗಿದ್ದರೆ ನಾನು ಆಗೀಗ ಓದುತ್ತಿದ್ದೆ. ಅವನು ಅದನ್ನೂ ಓದುತ್ತಿರಲಿಲ್ಲ. "ಸಪ್ಪಳ ಸಾಕಲೇ" ಎನ್ನುತ್ತಿದ್ದ.

ಎರಡು ಸಾವಿರದ ಆಚೀಚೆ ಒಂದು ಮಳೆಗಾಲ, ಹುಕ್ಕೇರಿಯ ಬಸದಿಯಲ್ಲಿ ಮುನಿ ಮಹಾರಾಜರು ಚಾತುರ್ಮಾಸಕ್ಕೆ ನಿಂತರು. ಮಳೆಗಾಲದ ತಿಂಗಳುಗಳಲ್ಲಿ ಅವರು ಒಂದೇ ಊರಿನಲ್ಲಿ ಇರುತ್ತಾರೆ, ಅವರ ಮುಂದೆ ಜನ ತಮಗೆ ಪ್ರಿಯವಾದ ಒಂದೊಂದನ್ನು ಬಿಟ್ಟು ನಿಯಮ ಹಿಡಿಯುತ್ತಾರೆ. ಒಬ್ಬರು ಬೆಲ್ಲ ಬಿಡುತ್ತಾರೆ, ಒಬ್ಬರು ಎಲೆ ಅಡಿಕೆ. ಮಹಾರಾಜರು ದಿನಕ್ಕೆ ಒಂದೇ ಸಲ, ಒಬ್ಬರ ಮನೆಯಲ್ಲಿ ಆಹಾರ ತೆಗೆದುಕೊಳ್ಳುವುದು. ತಮ್ಮ ಮನೆಗೆ ಬಂದರೆ ಬರಲಿ ಎಂದು ಎಲ್ಲರೂ ಮನೆಯನ್ನು ಮೂಲೆ ಮೂಲೆ ತೊಳೆದು ಕಾಯುತ್ತಾರೆ. ಹಾಗೆ ತೊಳೆಯುವಾಗ ದೋಸ್ತನ ತಂದೆ ಮಗನ ಮಂಚದ ಕೆಳಗಿನ ಟ್ರಂಕು ಎಳೆದರು. ಮೇಲೆಯೇ ಫ್ಲೋರಿಡಾದ ಗಾಣವಿತ್ತು. ಅದರ ಮುಖಚಿತ್ರದಲ್ಲಿ ಹೊಟ್ಟೆ ಬಿರಿದ ಒಂದು ಹೆಣ, ಅದರ ಪಕ್ಕ ಇನ್ನೊಂದು.

ಮಹಾರಾಜರು ಆಹಾರಕ್ಕೆ ಬರುವ ಮನೆಯಲ್ಲಿ ಹೆಣ! ಮನೆಯಲ್ಲಿ ಬಿರುಗಾಳಿ ಎದ್ದಿತು. ನಾಳೆಯೇ ಮಗನನ್ನು ಬಸದಿಗೆ ಕರೆದೊಯ್ದು, ಈ ಸಂಗೀತವನ್ನು ಜೀವ ಇರುವವರೆಗೆ ಮುಟ್ಟುವುದಿಲ್ಲ ಎಂದು ನಿಯಮ ಕೊಡಿಸುತ್ತೇನೆ ಎಂದು ತಂದೆ ನಿಂತರು. ಅದನ್ನು ತಡೆದದ್ದು ಮನೆಯ ಹಿರಿಯ ಜೀವ, ದೋಸ್ತನ ತಂದೆಯ ತಾಯಿ. ನಾವೆಲ್ಲ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆವು. ವರ್ಷಗಟ್ಟಲೆ ವ್ರತ ಹಿಡಿದವರು, ಮನೆಯಲ್ಲಿ ಅವರ ಮಾತಿನ ಮೇಲೆ ಮಾತಿಲ್ಲ. ಕೇಳದೆ ತೀರ್ಪು ಕೊಡುವುದು ಬೇಡ, ಹುಡುಗನಿಗೆ ಈ ಹುಚ್ಚು ಹಚ್ಚಿದವನನ್ನು ಕರೆಸಿ, ಅವನು ಒಂದು ಕ್ಯಾಸೆಟ್ ತರಲಿ, ಕೇಳಿ ಹೇಳುತ್ತೇನೆ ಎಂದರು. ದೋಸ್ತ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ನನ್ನನ್ನು ಕರೆಸಿ ಇಷ್ಟನ್ನೂ ಹೇಳಿದ.

"ನಿಯಮ ಅಂದ್ರ ನಮ್ಮ ಮನ್ಯಾಗ ನಿಯಮ," ಎಂದ. "ಒಮ್ಮೆ ತಗೊಂಡ್ರ ತಿರುಗಿ ಇಲ್ಲ. ಛಲೋದ ಒಂದ ತಗೊಂಡ ಬಾ."

ಛಲೋದ ಒಂದು! ಹಲಗೆಯ ಮುಂದೆ ನಿಂತು ನಾನು ಅಷ್ಟು ಯೋಚಿಸಿದ್ದು ಜೀವನದಲ್ಲಿ ಅದೇ ಮೊದಲು. ಮೋರಿಯ ಕಡೆ ನೋಡಲೂ ಇಲ್ಲ. ಗರಗಸದ ಸದ್ದು ಮುದುಕರ ಎದೆಗೆ ಬಡಿದೀತು. ಕೆಸರು ಮೊದಲ ಸಲಕ್ಕೆ ಯಾರಿಗೂ ಹತ್ತುವುದಿಲ್ಲ. ರಾಗವನ್ನು ಒಯ್ದರೆ ಸುಲಭವಾಗಿ ಪಾಸಾಗಬಹುದು, ಆದರೆ ರಾಗವನ್ನು ಮುಂದಿಟ್ಟು ಗೆಲ್ಲುವುದು ನನಗೆ ನಾಚಿಕೆಗೇಡು. ಬಂಡಿ ಸ್ವಲ್ಪ ಹೊತ್ತು ಎಳೆಯಿತು. ಅದರ ಪಿಟೀಲು ಆಯಿಗೆ ಹಿಡಿಸೀತು. ಆದರೆ ಅದರಲ್ಲಿ ಬರೀ ಅಳು, ಅಳುವವರನ್ನು ಕಂಡರೆ ಆಯಿಗೆ ಆಗದು ಎಂದು ದೋಸ್ತನೇ ಹೇಳಿದ್ದ. ಕೊನೆಗೆ ಲೆಕ್ಕವನ್ನು ಆರಿಸಿದೆ. ಅದರಲ್ಲೂ ಒಂದು ವಿಶೇಷ ಆಲ್ಬಮ್ಮು: ರಕ್ತವಿಲ್ಲ, ಹೆಣವಿಲ್ಲ, ಮುಖಚಿತ್ರದಲ್ಲಿ ನಕ್ಷತ್ರಗಳು, ಹಾಡಿನ ಮಾತೆಲ್ಲ ಮನಸ್ಸು, ಆಕಾಶ, ಅರಿವು ಎಂದು. ಡೆತ್ ಮೆಟಲ್ಲಿನಲ್ಲಿ ಶುದ್ಧ ಸಸ್ಯಾಹಾರ. ಇದಕ್ಕಿಂತ ಸರಿಯಾದದ್ದು ಇಲ್ಲ ಎಂದು ಬಸ್ಸಿನಲ್ಲಿ ಘಟಪ್ರಭಾ ದಾಟುವಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ ಆಯಿಯ ಸಾಮಾಯಿಕದ ಧ್ಯಾನ ಮುಗಿಯುವವರೆಗೆ ಕಾದೆವು. ಬಿಳಿ ಸೀರೆ ಉಟ್ಟ ಸಣ್ಣ ದೇಹ, ಚಾಪೆಯ ಮೇಲೆ ನೆಟ್ಟಗೆ ಕೂತಿದ್ದರು. ದೋಸ್ತನ ತಂದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು, ಕೂರಲಿಲ್ಲ. ನಾನು "ನಮಸ್ಕಾರ್ರಿ ಕಾಕಾ" ಎಂದರೆ ಮುಖ ಆಚೆ ತಿರುಗಿಸಿದರು. ದೋಸ್ತ ಟೂ-ಇನ್-ಒನ್ ತಂದಿಟ್ಟು ಗೋಡೆಯ ಬದಿಗೆ ಸರಿದ. ನಾನು ಕ್ಯಾಸೆಟ್ ಹಾಕಿ ಒತ್ತಿದೆ.

ಆಯಿ ಕಣ್ಣು ಮಿಟುಕಿಸದೆ ಒಂದು ಹಾಡು ಪೂರ್ತಿ ಕೇಳಿದರು. ಡ್ರಮ್ಮಿಗೆ ಬೆಚ್ಚಲಿಲ್ಲ, ಗುರುಗುಟ್ಟುವ ದನಿಗೆ ನಗಲಿಲ್ಲ.

"ಏನ ಹೇಳಾಕತ್ತಾನ ಇಂವ?"

ನಾನು ಕಾಗದ ಬಿಡಿಸಿ ಕನ್ನಡದಲ್ಲಿ ಹೇಳಿದೆ. ನನ್ನ ಅರಿವು ಆಕಾಶಕ್ಕಿಂತ ದೊಡ್ಡದು, ನಾನು ಕಂಡ ಬೆಳಕನ್ನು ಯಾರೂ ಕಂಡಿಲ್ಲ, ನನ್ನ ಮನಸ್ಸಿಗೆ ಕೊನೆಯಿಲ್ಲ, ಹೀಗೆ. ಹೇಳುತ್ತ ನನಗೇ ಬಹಳ ಗಂಭೀರ ಅನ್ನಿಸಿತು.

"ಬಂದ್ ಮಾಡು," ಎಂದರು ಆಯಿ. "ಬರೇ ನಾ, ನಂದು, ನನ್ನ ಬುದ್ಧಿ. ಇಂಥಾವ್ರು ಊರಾಗ ಕಡಿಮಿ ಅದಾರೇನು? ಇದನ್ನ ಕೇಳಾಕ ಟೇಪ ಯಾಕ ಬೇಕ?"

ಬಾಗಿಲಲ್ಲಿದ್ದ ತಂದೆಯ ಮುಖ ಅರಳಿತು. ಮುಗಿಯಿತು ಎಂದುಕೊಂಡೆ. ಆದರೆ ಆಯಿ ಏಳಲಿಲ್ಲ. "ನನ್ನ ಮಗಾ ನೋಡಿ ಅಂಜಿದ್ದು ಯಾವುದ? ಅದನ್ನ ತರ್ರಿ. ಹೆಣದ್ದು."

"ಅವ್ವಾ, ಅದು ಬ್ಯಾಡ," ಎಂದರು ತಂದೆ.

"ತರ್ರಿ ಅಂದ್ನಿ."

ದೋಸ್ತ ಟ್ರಂಕಿನಿಂದ ಗಾಣ ತಂದ. ಆಯಿ ಮುಖಚಿತ್ರವನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡಿದರು. ಆಮೇಲೆ ಹಚ್ಚಲು ಹೇಳಿದರು. ಹಾಡು ಮುಗಿದ ಮೇಲೆ ಅದೇ ಪ್ರಶ್ನೆ: ಏನು ಹೇಳುತ್ತಾನೆ? ನಾನು ತಡವರಿಸಿದೆ. ಸುಳ್ಳು ಹೇಳಬಹುದಿತ್ತು, ಆದರೆ ಆ ಕಣ್ಣಿನ ಮುಂದೆ ಸುಳ್ಳು ನಾಲಿಗೆಯ ತುದಿಗೂ ಬರಲಿಲ್ಲ. ಓದಿ ಓದಿ ಒಂದೊಂದೇ ಸಾಲು ಹೇಳಿದೆ. ಚರ್ಮ ಕಪ್ಪಾಗುತ್ತದೆ, ಮಾಂಸ ಬಿಡುತ್ತದೆ, ಕರುಳಿನಲ್ಲಿ ಹುಳ ಹೊಕ್ಕು ತಿನ್ನುತ್ತವೆ, ಹೆಸರು ಹೇಳುತ್ತಿದ್ದ ಬಾಯಿಯಲ್ಲಿ ಮಣ್ಣು ತುಂಬುತ್ತದೆ, ಕೊನೆಗೆ ಎಲುಬು, ಎಲುಬೂ ಪುಡಿ.

"ಛೀ ಛೀ," ಎಂದರು ತಂದೆ.

ಆಯಿ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು. ನನ್ನ ಕಡೆ ಬಾಗಿ ಕೇಳಿದರು, "ತಮ್ಮಾ, ಖರೆ ಹೇಳು. ಕೊಲ್ರಿ ಅಂತಾನೋ, ಹಿಂಗ ಆಕ್ಕೈತಿ ಅಂತಾನೋ?"

ಇಷ್ಟು ವರ್ಷ ಈ ಸಂಗೀತವನ್ನು ಗೂಡಿನಲ್ಲಿ ವಿಂಗಡಿಸಿ ಇಟ್ಟಿದ್ದ ನನಗೆ ಈ ವಿಂಗಡಣೆ ಹೊಳೆದೇ ಇರಲಿಲ್ಲ. ನಾನು ಕಾಗದವನ್ನು ಮತ್ತೊಮ್ಮೆ ಓದಿ ಹೇಳಿದೆ, "ಇದರಾಗ ಕೊಲ್ರಿ ಅಂತ ಇಲ್ರಿ ಆಯಿ. ಹಿಂಗ ಆಕ್ಕೈತಿ ಅಂತ ಅಷ್ಟ ಐತ್ರಿ. ಬ್ಯಾರೇದ್ರಾಗ ಕೊಲ್ಲೂದೂ ಐತ್ರಿ."

"ಹಂಗಾದ್ರ ಇದು ಅಶುಚಿ ಭಾವನಾ," ಎಂದರು ಆಯಿ, ಪೇಟೆಯಲ್ಲಿ ಗುರುತಿನವರನ್ನು ಕಂಡಷ್ಟು ಸಲೀಸಾಗಿ. ಅವರು ದಿನಾ ಬೆಳಿಗ್ಗೆ ಹನ್ನೆರಡು ಭಾವನೆಗಳನ್ನು ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಒಂದು, ಈ ದೇಹ ಹೊಲಸು ತುಂಬಿದ ಚೀಲ, ಇದರ ಮೇಲೆ ಮೋಹ ಬೇಡ ಎಂದು ನೆನೆಯುವುದು. "ನಾವು ಸಮಾಧಾನದಿಂದ ಹೇಳ್ತೇವಿ, ಇಂವ ಒದರತಾನ. ಒದರೂದು ಯಾಕೋ? ಅಂಜಿಕಿ ಬಂದಿರಬೇಕ, ಪಾಪ."

ಪಾಪ! ಭೂಮಿಯ ಮೇಲಿನ ಅತಿ ಕ್ರೂರ ದನಿ ಎಂದು ನಾವು ಎದೆ ಉಬ್ಬಿಸಿ ಕೇಳುತ್ತಿದ್ದವನಿಗೆ ಹುಕ್ಕೇರಿಯ ಮುದುಕಿ ಕನಿಕರ ತೋರಿಸಿಬಿಟ್ಟರು. ಆಮೇಲೆ ತೀರ್ಪು: ಕೊಲ್ಲಿರಿ ಎನ್ನುವವನ್ನು ಮನೆಯಿಂದ ಹೊರಗೆ ಹಾಕಬೇಕು, ಹೀಗಾಗುತ್ತದೆ ಎನ್ನುವವು ಇರಲಿ. ನಿಯಮ ಗಿಯಮ ಬೇಡ. ಟ್ರಂಕು ನಡುಮನೆಗೆ ಬಂತು. ಕಾಗದಗಳನ್ನು ಓದುತ್ತ ನಾನು ಎರಡು ಗುಂಪು ಮಾಡಿದೆ, ತಂದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ಮೇಲೆ ನಂಬಿಕೆ ಇಲ್ಲದೆ, ಪ್ರತಿಯೊಂದಕ್ಕೂ "ಇದರಾಗ ಏನೈತಿ?" ಎಂದು ಕೇಳಿದರು. ಪ್ರತಿಯೊಂದಕ್ಕೂ ನಾನು ಅರ್ಥ ಹೇಳಿದೆ. ಮೋರಿ ಬಹುಪಾಲು ಹೊರಗೆ ಹೋಯಿತು. ಕೆಸರು ಎಲ್ಲ ಉಳಿಯಿತು. ಗರಗಸದಲ್ಲಿ ಅರ್ಧ ಅರ್ಧ. ದೋಸ್ತ ಗೋಡೆಗೆ ಒರಗಿ ಎಲ್ಲವನ್ನೂ ಕೇಳುತ್ತ ಕೂತಿದ್ದ. ಗೆದ್ದ ಖುಷಿಯಲ್ಲಿ ನಾನು ಅವನ ಮುಖವನ್ನು ನೋಡಲಿಲ್ಲ. ಹೊತ್ತು ಮುಳುಗುವ ಮೊದಲೇ ಅವರ ಮನೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಲೆ ಉಂಡು ರಾಜನ ಹಾಗೆ ಬಸ್ಸು ಹತ್ತಿದೆ.

ಭಾದ್ರಪದದಲ್ಲಿ ಅವರ ದಶಲಕ್ಷಣ ಪರ್ವ ಮುಗಿದ ಮೇಲೆ ಒಂದು ದಿನವಿದೆ, ಅಂದು ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುತ್ತಾರೆ. ಗೊತ್ತಿದ್ದು ಮಾಡಿದ್ದು, ಗೊತ್ತಿಲ್ಲದೆ ಮಾಡಿದ್ದು, ಎಲ್ಲಕ್ಕೂ. ಪ್ರತಿ ವರ್ಷ ದೋಸ್ತ ನನಗೂ ಕೇಳುತ್ತಿದ್ದ, ನಾನು ನಕ್ಕು ಬಿಡುತ್ತಿದ್ದೆ. ಆ ವರ್ಷ ಅವನು ಗೋಕಾಕಕ್ಕೆ ಬಂದಾಗ ಕೈಯಲ್ಲಿ ಅರಿವೆ ಅಂಗಡಿಯ ದೊಡ್ಡ ಚೀಲವಿತ್ತು. ಚೀಲವನ್ನು ಕೌಂಟರಿನ ಮೇಲೆ ಇಟ್ಟ. ಒಳಗೆ ಉಳಿದ ಕ್ಯಾಸೆಟ್ಟುಗಳೆಲ್ಲ ಇದ್ದವು.

"ಕ್ಷಮಾ ಮಾಡು," ಎಂದ. "ನಿನ್ನೆ ಮಹಾರಾಜರ ಮುಂದ ನಿಯಮ ತಗೊಂಡ್ನಿ. ಇನ್ನ ಹಾಡ ಕೇಳೂದಿಲ್ಲ."

"ಯಾರು ತಗೊಳಾಕ ಹಚ್ಚಿದ್ರು? ಕಾಕಾನ?"

"ಯಾರೂ ಇಲ್ಲ. ಅಪ್ಪ ಬ್ಯಾಡ ಅಂದ, ಆಯಿನೂ ಅವಸರ ಮಾಡಬ್ಯಾಡ ಅಂದ್ಲು. ನಾನ ತಗೊಂಡ್ನಿ."

"ಯಾಕಲೇ? ಗೆದ್ದಿದ್ದಿವಲ್ಲೋ!"

ಅವನು ಚೀಲದ ಬಾಯಿಯನ್ನು ಮಡಚಿದ. "ನೀ ಅವತ್ತು ಒಂದೊಂದಾ ಅರ್ಥ ಹೇಳಿದೆಲ್ಲ. ಇಷ್ಟ ವರ್ಷ ನಾ ಬರೇ ಸಪ್ಪಳ ಕೇಳಿದ್ದೆ. ಅವ್ರು ಎಲ್ಲಾರೂ ಒಂದ ಮಾತ ಹೇಳಾಕತ್ತಿದ್ರು, ಈ ಮೈ ಉಳಿಯೂದಿಲ್ಲ ಅಂತ. ಅದು ತಿಳದ ಮ್ಯಾಲೂ ಈ ಕಿವಿಗೆ ಸುಖಾ ಕೊಡಕೋತ ಕುಂದ್ರಾಕ ನನಗ ಆಗವಲ್ದು."

ಡೆತ್ ಮೆಟಲ್ಲನ್ನು ಇಷ್ಟು ಪೂರ್ತಿಯಾಗಿ ಕೇಳಿದ ಮನುಷ್ಯ ಬೇರೆ ಯಾವ ದೇಶದಲ್ಲೂ ಇರಲಿಕ್ಕಿಲ್ಲ. ಇದು ನನಗೆ ಈಗ ಹೊಳೆಯುವ ಮಾತು. ಆಗ ಮೈಯೆಲ್ಲ ಉರಿಯಿತು. ನಾನು ಆರಿಸಿ ಕೊಟ್ಟ ಆಲ್ಬಮ್ಮುಗಳು, ನಾನು ಬಿಡಿಸಿ ಹೇಳಿದ ಮಾತುಗಳು. ಅವೇ ನನ್ನ ಒಬ್ಬನೇ ಕೇಳುಗನನ್ನು ನನ್ನಿಂದ ಕಿತ್ತುಕೊಂಡವು. ಕ್ಷಮೆ ಇಲ್ಲ, ಹೋಗು ಎಂದೆ. ಕ್ಷಮೆ ಕೇಳುವ ದಿನ ಹಾಗೆನ್ನಬಾರದು ಎಂದು ಗೊತ್ತಿದ್ದೇ ಅಂದೆ. ಅವನು ತಲೆಯಾಡಿಸಿ, ಬಸ್ ಸ್ಟ್ಯಾಂಡಿನ ಕಡೆ ನಡೆದ.

ಆ ವರ್ಷ ನನಗೆ ಕೆಟ್ಟ ವರ್ಷ. ಅಂಗಡಿಗೇನೂ ಆಗಲಿಲ್ಲ, ಕ್ಯಾಸೆಟ್ಟಿನ ಜೊತೆ ಸಿಡಿಯೂ ಬಂತು, ಕೆಲಸ ಹೆಚ್ಚೇ ಆಯಿತು. ಕೊಲ್ಲಾಪುರದಲ್ಲಿ ಒಬ್ಬ ಒಂದೇ ಸಿಡಿಯಲ್ಲಿ ಹತ್ತಾರು ಆಲ್ಬಮ್ಮು ತುಂಬಿ ಕೊಡುತ್ತಿದ್ದ. ನಾನು ಹಿಂದೆ ಹೆಸರು ಮಾತ್ರ ಕೇಳಿದ್ದ ಹಾಲೆಂಡಿನ ಬ್ಯಾಂಡುಗಳು, ಪೋಲೆಂಡಿನವು, ಬ್ರೆಜಿಲ್ಲಿನವು ಕೈಗೆ ಬಂದವು. ಕೇಳುತ್ತಿದ್ದೆ, ಮುಗಿಯುತ್ತಿತ್ತು, ಎದುರಿನ ಸ್ಟೂಲು ಖಾಲಿ. ಮೂಡಲಗಿಯವನಿಗೆ ಹೇಳಲು ಹೋದರೆ, "ಇದರಾಗ ಆ ಕೊಯ್ಯೂ ಸಪ್ಪಳ ಐತೇನ್ರಿ?" ಎಂದು ಕೇಳಿದ. ಒಂದು ಬದಿ ಕೇಳಿ ಇನ್ನೊಂದನ್ನು ತಿರುವದೆ ಬಿಟ್ಟ ದಿನಗಳೂ ಇದ್ದವು. ಅವನ ನೆನಪಾಗುತ್ತಿತ್ತು. ಹುಕ್ಕೇರಿಗೆ ಹೋಗಬೇಕೆನ್ನಿಸುತ್ತಿತ್ತು, ಹೋಗಲಿಲ್ಲ. ಹಟದಲ್ಲಿ ನಾನು ಯಾವ ವ್ರತಸ್ಥರಿಗೂ ಕಡಿಮೆಯಿಲ್ಲ.

ಮುಂದಿನ ಭಾದ್ರಪದದಲ್ಲಿ ಅದೇ ದಿನ ಅವನು ಮತ್ತೆ ಬಂದ. ಬಾಗಿಲಲ್ಲಿ ಅವನನ್ನು ಕಂಡ ಕೂಡಲೇ ಓಡುತ್ತಿದ್ದ ಹಾಡನ್ನು ಬಂದ್ ಮಾಡಿದೆ. ಸಿಟ್ಟು ಸಿಟ್ಟಿನ ಜಾಗದಲ್ಲಿ, ಅವನ ನಿಯಮ ಮುರಿಯುವ ಕೆಲಸ ನನ್ನದಲ್ಲ. ಅವನು ಮತ್ತೆ ಕ್ಷಮಾ ಮಾಡು ಎಂದ. ನಾನು ಹಲಗೆಯ ಕಡೆ ತಿರುಗಿ ಕ್ಯಾಸೆಟ್ಟು ಜೋಡಿಸತೊಡಗಿದೆ. ಅವನು ಸ್ಟೂಲು ಎಳೆದುಕೊಂಡು ಕೂತ.

"ಹೊಸಾದು ಏನರ ಬಂದೈತೇನ?"

"ಬಂದೈತಿ. ನಿನಗ್ಯಾಕ?"

"ಹೇಳು."

"ನಿಯಮ?"

"ಹಾಡು ಕೇಳೂದಿಲ್ಲ ಅಂತ ನಿಯಮ. ನೀ ಮಾತಾಡಿದ್ದು ಕೇಳಬಾರ್ದು ಅಂತ ಇಲ್ಲ. ಆಯಿಗೆ ಕೇಳಿದ್ನಿ. ಆ ಗೋಕಾಕದಾಂವ ಪಾಪ ಒಬ್ಬನ ಆಗಿರ್ತಾನ, ಹೋಗಿ ಮಾತಾಡಿಸ್ಕೊಂಡ ಬಾ ಅಂದ್ಲು."

ಫ್ಲೋರಿಡಾದವನಿಗೆ ಸಿಕ್ಕ ಪಾಪ ನನಗೂ ಸಿಕ್ಕಿತು. ಬೇರೆ ಯಾರಾದರೂ ಅಂದಿದ್ದರೆ ಜಗಳ ತೆಗೆಯುತ್ತಿದ್ದೆ. ಗಂಟಲು ಸರಿಮಾಡಿಕೊಂಡು ಹಾಲೆಂಡಿನ ಆಲ್ಬಮ್ಮನ್ನು ಹೇಳಲು ಶುರು ಮಾಡಿದೆ. ಮೊದಲ ಹಾಡು ನೇರ ಹೊಡೆತದಿಂದ ಏಳುವುದಿಲ್ಲ. ಒಂದೇ ಗಿಟಾರು, ದೂರದಲ್ಲಿ, ಬಾವಿಯ ತಳದಿಂದ ಬಂದ ಹಾಗೆ. ಆಮೇಲೆ ಡ್ರಮ್ಮು ಬರುತ್ತದೆ, ಆದರೆ ಅವಸರವಿಲ್ಲ, ನಮ್ಮ ಬಂಡಿಯ ನಡಿಗೆ. ಹಾಡುವವನು ಗುರುಗುಟ್ಟುವುದಿಲ್ಲ, ಉಸಿರು ಸಿಗದವನ ಹಾಗೆ ಕಿರುಚುತ್ತಾನೆ, ಅಲ್ಲಿ ಮೈ ಜುಮ್ಮೆನ್ನುತ್ತದೆ. ನಡುವೆ ಎಲ್ಲ ನಿಂತು ಒಂದು ಉಸಿರಿನಷ್ಟು ಮೌನ. ಆ ಮೌನದ ಆಚೆ ಎರಡೂ ಕಾಲಿನ ಡ್ರಮ್ಮು ಒಮ್ಮೆಲೇ ಬಿಚ್ಚಿಕೊಂಡು ಬೀಳುತ್ತದೆ. ನನಗೆ ಗೊತ್ತಿಲ್ಲದೆ ನಾನು ಕೈ ಬೀಸಿ ಹೇಳುತ್ತಿದ್ದೆ, ಬಾಯಿಂದ ಸದ್ದು ಮಾತ್ರ ಮಾಡಲಿಲ್ಲ; ಅಷ್ಟರ ಮಟ್ಟಿಗೆ ಎಚ್ಚರವಿತ್ತು. ಬರೀ ಮಾತಿನಲ್ಲಿ ಒಂದು ಆಲ್ಬಮ್ಮನ್ನು ಕಟ್ಟಿ ನಿಲ್ಲಿಸಬಹುದು ಎಂದು ನನಗೆ ತಿಳಿದದ್ದು ಅವತ್ತು.

ಅವನು ಕಣ್ಣು ಮುಚ್ಚಿಕೊಂಡಿದ್ದ. ಕೌಂಟರಿನ ಗಾಜಿನ ಮೇಲೆ ಅವನ ಎರಡು ಬೆರಳು ಒಂದಾದ ಮೇಲೊಂದು ಬಡಿಯುತ್ತಿದ್ದವು. ನಾನು ಮಾತು ನಿಲ್ಲಿಸಿದೆ. ಬೆರಳು ನಿಲ್ಲಲಿಲ್ಲ. ಹೊರಗೆ ಕಂಡಕ್ಟರು ಯರಗಟ್ಟಿ ಯರಗಟ್ಟಿ ಎಂದು ಕೂಗುತ್ತಿದ್ದ.

ಸ್ವಲ್ಪ ಹೊತ್ತಾದ ಮೇಲೆ ಅವನು ಕಣ್ಣು ತೆರೆದು ತನ್ನ ಕೈ ನೋಡಿಕೊಂಡ. ಗಾಬರಿಯಾಗಿ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡ.

"ಕೇಳಿದಂಗ ಆತೇನಲೇ?"

ನಾನು ಡೆಕ್ಕಿನ ಕಡೆ ತೋರಿಸಿದೆ. ಅದರ ದೀಪ ಆರಿತ್ತು.

"ಇಲ್ಲ," ಎಂದೆ. "ಇಲ್ಲಿ ಏನೂ ಹಚ್ಚಿಲ್ಲ. ಮತ್ತ ನಾ ಕ್ಷಮಾ ಮಾಡೇನಿ, ಎರಡೂ ವರ್ಷದ್ದು."

ಅವನು ಬಾಗಿಲ ಕಡೆ ಒಮ್ಮೆ ನೋಡಿ, ಕೈಯನ್ನು ಮೆಲ್ಲಗೆ ಮತ್ತೆ ಗಾಜಿನ ಮೇಲೆ ಇಟ್ಟ.

"ಹಂಗಾರ ಎರಡನೇದ ಹೇಳು."